ರಾತ್ರಿ ಎಂಟಾದರೆ ವೈಫೈ ಮಾಯ, ಹೊಸ ರೌಟರ್‌ನದೂ ಅದೇ ಕಥೆ

ಬನಶಂಕರಿ ನಿವಾಸಿ, ಬುಧವಾರ ರಾತ್ರಿ 10:12
ಒಂದೇ ವರ್ಷದಲ್ಲಿ ಎರಡನೆಯ ರೌಟರ್ ಇದು. ಎಸ್.ಪಿ. ರಸ್ತೆಯ ನಾಲ್ಕು ಅಂಗಡಿ ಸುತ್ತಿ 2,200 ರೂಪಾಯಿಗೆ ತಂದೆ. ಎರಡು ಬ್ಯಾಂಡ್, ನಾಲ್ಕು ಆಂಟೆನಾ. ಹಗಲೆಲ್ಲ ಚೆನ್ನಾಗಿಯೇ ಇರುತ್ತದೆ. ರಾತ್ರಿ ಎಂಟರ ಮೇಲೆ ಮೊಬೈಲಿನಲ್ಲಿ ವೈಫೈ ಹೆಸರೇ ಕಾಣಿಸುವುದಿಲ್ಲ, ಎರಡು ನಿಮಿಷ ಬಿಟ್ಟು ತಾನಾಗಿ ಬರುತ್ತದೆ. ನಿನ್ನೆ ನನ್ನ ಹೆಂಡತಿಯ ಕಚೇರಿ ಮೀಟಿಂಗ್ ಮೂರು ಸಲ ಕಡಿಯಿತು. ಇಂಟರ್ನೆಟ್ ಕಂಪನಿಯವರು ಬಂದು, ನಮ್ಮ ಕಡೆ ಎಲ್ಲ ಸರಿಯಿದೆ ಎಂದು ಹೇಳಿ ಹೋದರು. ಸಾಕಾಗಿದೆ. 3,000 ರೂಪಾಯಿಯೊಳಗೆ ಯಾವುದನ್ನು ಕೊಳ್ಳಲಿ?

ಚಾನೆಲ್ 11, ಬುಧವಾರ ರಾತ್ರಿ 10:30
ಎಂಟು ಗಂಟೆ ಎಂದಿರಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು. ಎಲ್ಲರೂ ಮನೆ ಸೇರುವ ಹೊತ್ತು ಅದು. 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಅಂದರೆ ವೈಫೈ ಸಂಕೇತ ಓಡಾಡುವ ದಾರಿಗಳು, ಮೂರೇ: 1, 6, 11. ನಮ್ಮ ಹಾಲ್‌ನಲ್ಲಿ ಕುಳಿತರೆ ಅಕ್ಕಪಕ್ಕದ ಮನೆಗಳ 27 ವೈಫೈ ಹೆಸರು ಕಾಣುತ್ತವೆ. ರೌಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ ಆಟೋ ಎಂದಿರುವುದನ್ನು ತೆಗೆದು 11ಕ್ಕೆ ಹಾಕಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ.

ಬನಶಂಕರಿ ನಿವಾಸಿ, ಗುರುವಾರ ರಾತ್ರಿ 8:31
11 ಹಾಕಿದೆ, 6 ಹಾಕಿದೆ, 1 ಕೂಡ ಹಾಕಿದೆ. ಈಗಷ್ಟೇ ಮತ್ತೆ ಹೋಗಿತ್ತು.

ಚಾನೆಲ್ 11, ಗುರುವಾರ ರಾತ್ರಿ 8:44
ಹಾಗಾದರೆ 5 ಗಿಗಾಹರ್ಟ್ಸ್ ನೋಡಿ. ಆಟೋದಲ್ಲಿ ಬಿಟ್ಟರೆ ರೌಟರ್ ಚಾನೆಲ್ 52ರಿಂದ 144ರ ನಡುವೆ ಎಲ್ಲಿಯಾದರೂ ಹೋಗಿ ಕೂರಬಹುದು. ಅಲ್ಲಿ ರೇಡಾರ್ ಸಂಕೇತ ಕಂಡರೆ ಜಾಗ ಖಾಲಿ ಮಾಡಲೇಬೇಕು, ಹೊಸ ಚಾನೆಲ್ ಕೂಡ ಆ ಸಾಲಿನದೇ ಆದರೆ ಕನಿಷ್ಠ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಬೇಕು. ಹೆಸರು ಮಾಯವಾಗುವುದು ಅದಕ್ಕೇ. 36ಕ್ಕೆ ಕಟ್ಟಿಹಾಕಿ.

ತಂತಿಯೇ ಗತಿ, ಗುರುವಾರ ರಾತ್ರಿ 9:02
ಸರ್, ಮೊದಲು ರೌಟರ್ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಪೋರ್ಟ್ ನೋಡಿ. ಈ ಬೆಲೆಯಲ್ಲಿ ಎಷ್ಟೋ ರೌಟರ್‌ಗಳ ಪೋರ್ಟ್ 100 ಎಂಬಿಪಿಎಸ್ ಮಾತ್ರ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ 1200 ಎಂಬುದು ಎರಡು ಬ್ಯಾಂಡ್‌ಗಳ ವೇಗ 300 ಮತ್ತು 867 ಎರಡನ್ನೂ ಕೂಡಿಸಿ ಮೇಲಕ್ಕೆ ಎಳೆದ ಅಂಕಿ. ಜನರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಚಾನೆಲ್ 11, ಗುರುವಾರ ರಾತ್ರಿ 9:06
ಅವರು ವೇಗದ ಮಾತೇ ಎತ್ತಿಲ್ಲ. ಪೋರ್ಟ್ 100 ಆದರೆ ವೈಫೈ ಹೆಸರು ಏಕೆ ಹೋಗುತ್ತದೆ?

ತಂತಿಯೇ ಗತಿ, ಗುರುವಾರ ರಾತ್ರಿ 9:15
ಹೊಸದು ಕೊಳ್ಳುತ್ತೇನೆ ಎಂದಿದ್ದಾರೆ, ಅದಕ್ಕೆ ಹೇಳಿದೆ. ನಮ್ಮ ಮನೆ ಕಟ್ಟುವಾಗ ಗೋಡೆಯೊಳಗೆ ಪೈಪ್ ಹಾಕಿಸಿ ಮೂರು ಮಹಡಿಗೂ ಕ್ಯಾಟ್ 6 ನೆಟ್‌ವರ್ಕ್ ತಂತಿ ಎಳೆಸಿದೆ. ಟಿವಿ, ಕಂಪ್ಯೂಟರ್, ಕ್ಯಾಮೆರಾ ಎಲ್ಲವೂ ತಂತಿಯ ಮೇಲೆ. ಆರು ವರ್ಷದಿಂದ ಒಂದು ಪ್ಲಗ್ ಕೂಡ ಅಲುಗಿಸಿಲ್ಲ. ಬೇಕಾದರೆ ಚಿತ್ರ ಹಾಕುತ್ತೇನೆ.

ರಾತ್ರಿ ಪಾಳಿ, ಗುರುವಾರ ರಾತ್ರಿ 11:48
ಹೆಸರು ಹೋದಾಗ ಎರಡೂ ಬ್ಯಾಂಡ್ ಹೋಗುತ್ತವೆಯೇ? ಆಗ ರೌಟರ್‌ನ ದೀಪಗಳು ಹೇಗಿರುತ್ತವೆ? ವೈಫೈ ಮರಳಿದ ಕೂಡಲೇ ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಅಪ್‌ಟೈಮ್, ಅಂದರೆ ರೌಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬುದು, ಎಷ್ಟಿದೆ ನೋಡಿ. ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಹೇಳಿ.

ಬನಶಂಕರಿ ನಿವಾಸಿ, ಶುಕ್ರವಾರ ರಾತ್ರಿ 8:52
ಮೇಡಂ, ಇವತ್ತು ಕುರ್ಚಿ ಹಾಕಿಕೊಂಡು ಅದರ ಎದುರೇ ಕುಳಿತಿದ್ದೆ. 8:40ಕ್ಕೆ ದೀಪಗಳೆಲ್ಲ ಒಟ್ಟಿಗೆ ಆರಿದವು. ಮೊದಲು ಪವರ್ ದೀಪ ಹತ್ತಿತು, ಉಳಿದವು ಒಂದೊಂದಾಗಿ ಬಂದವು. ಎರಡೂ ಬ್ಯಾಂಡ್ ಹೋಗಿದ್ದವು. ಅಪ್‌ಟೈಮ್ 3 ನಿಮಿಷ ಎಂದು ತೋರಿಸುತ್ತಿತ್ತು. ಕರೆಂಟ್ ಮಿನಿ ಯುಪಿಎಸ್‌ನಿಂದ. ಕಳೆದ ವರ್ಷ ಹಳೆಯ ರೌಟರ್‌ಗೆಂದು ತಂದದ್ದು. ಕಂಪನಿಯವರ ಫೈಬರ್ ಪೆಟ್ಟಿಗೆಗೂ ಅದರಿಂದಲೇ ಕವಲು ತಂತಿ ಹೋಗಿದೆ. ಇದು ಹೇಳಬೇಕಾದ ಸಂಗತಿ ಎಂದು ಹೊಳೆಯಲೇ ಇಲ್ಲ. ಆ ಹಳೆಯ ರೌಟರ್ ಈಗ ಮೈಸೂರಿನಲ್ಲಿ ಮಾವನ ಮನೆಯಲ್ಲಿದೆ, ಒಂದು ದಿನವೂ ನಿಂತಿಲ್ಲವಂತೆ!

ರಾತ್ರಿ ಪಾಳಿ, ಶುಕ್ರವಾರ ರಾತ್ರಿ 11:55
ಹಾಗಿದ್ದರೆ ಚಾನೆಲ್ ವಿಷಯ ಬಿಡಿ, ರೌಟರ್ ರೀಬೂಟ್ ಆಗುತ್ತಿದೆ. ಎರಡೂ ಅಡಾಪ್ಟರ್‌ಗಳನ್ನು ತಿರುಗಿಸಿ ಕೆಳಗಿನ ಚೀಟಿ ಓದಿ. ವೋಲ್ಟ್ ಹೊಂದಿದರೆ ಸಾಲದು, ಎರಡರ ಆಂಪಿಯರ್ ಕೂಡಿಸಿ ಯುಪಿಎಸ್‌ನದರ ಜೊತೆ ಹೋಲಿಸಬೇಕು.

ಬನಶಂಕರಿ ನಿವಾಸಿ, ಶನಿವಾರ ಬೆಳಗ್ಗೆ 7:20
ರೌಟರ್ 12 ವೋಲ್ಟ್ 1.5 ಆಂಪಿಯರ್. ಫೈಬರ್ ಪೆಟ್ಟಿಗೆ 12 ವೋಲ್ಟ್ 1 ಆಂಪಿಯರ್. ಯುಪಿಎಸ್ 12 ವೋಲ್ಟ್ 2 ಆಂಪಿಯರ್.

ರಾತ್ರಿ ಪಾಳಿ, ಶನಿವಾರ ಬೆಳಗ್ಗೆ 7:41
ಬೇಕಾದದ್ದು ಎರಡೂವರೆ, ಇರುವುದು ಎರಡು, ಅದೂ ವರ್ಷ ಹಳೆಯ ಬ್ಯಾಟರಿ. ಹಗಲು ಹೊತ್ತು ಅವು ಅಷ್ಟೂ ಕರೆಂಟ್ ಎಳೆಯುವುದಿಲ್ಲ, ಆದ್ದರಿಂದ ನಡೆಯುತ್ತದೆ. ರಾತ್ರಿ ಮನೆಯವರೆಲ್ಲ ಒಟ್ಟಿಗೆ ಬಳಸಿದಾಗ ಎಳೆತ ಏರಿ ವೋಲ್ಟೇಜ್ ಕುಸಿಯುತ್ತದೆ. ರೌಟರನ್ನು ಅದರದೇ ಅಡಾಪ್ಟರ್‌ಗೆ ಹಾಕಿ ನೋಡಿ. ಹೊಸ ರೌಟರ್ ಸದ್ಯಕ್ಕೆ ಬೇಡ.

ಚಾನೆಲ್ 11, ಶನಿವಾರ ಬೆಳಗ್ಗೆ 9:10
ಸರಿ, ಒಪ್ಪುತ್ತೇನೆ. ಆದರೂ 36ರಿಂದ ಕದಲಿಸಬೇಡಿ.

ಬನಶಂಕರಿ ನಿವಾಸಿ, ಸೋಮವಾರ ರಾತ್ರಿ 9:30
ಶನಿವಾರ, ಭಾನುವಾರ ಒಮ್ಮೆಯೂ ಹೋಗಲಿಲ್ಲ. ಮೇಡಂ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆದರೆ ಇವತ್ತು ಸಂಜೆ ಮಳೆಗೆ ಕರೆಂಟ್ ಹೋಯಿತು. ಫೈಬರ್ ಪೆಟ್ಟಿಗೆ ಉರಿಯುತ್ತಿತ್ತು, ರೌಟರ್ ಆರಿತ್ತು, ಅದೇ ಹೊತ್ತಿಗೆ ಮೀಟಿಂಗ್. 3 ಆಂಪಿಯರ್ ಕೊಡುವ ಮಿನಿ ಯುಪಿಎಸ್ ಯಾರಾದರೂ ಬಳಸಿದ್ದೀರಾ?

ಕತ್ರಿಗುಪ್ಪೆ ಹುಡುಗ, ಮಂಗಳವಾರ ಬೆಳಗ್ಗೆ 6:15
ನನಗೂ ಇದೇ ತೊಂದರೆ, ಆದರೆ ಬೆಳಗ್ಗೆ ಹೊತ್ತು. ಯಾವ ರೌಟರ್ ಕೊಳ್ಳಲಿ?