ಪೆಟ್ಟಿಗೆ ಗೋರಿ ಅಂದರೆ ಹೆಣ ಪೆಟ್ಟಿಗೆಯೊಳಗಿದೆ ಅಂತಾಗುತ್ತಾ?

ಗೆಳೆಯರೇ, ಎರಡು ದಿನದಿಂದ ಒಂದು ಪದಕ್ಕೆ ಒದ್ದಾಡುತ್ತಿದ್ದೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಬರ್ಫರ್ಡ್ ಎಂಬ ಸಣ್ಣ ಊರಿನ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿನ ಚರ್ಚಿನ ಅಂಗಳದಲ್ಲಿ 17–18ನೇ ಶತಮಾನದ ಕಲ್ಲಿನ ಗೋರಿಗಳಿವೆ. ಇಂಗ್ಲಿಷಿನವರು 'ಚೆಸ್ಟ್ ಟೂಂಬ್' ಅನ್ನುತ್ತಾರೆ. 'ಚೆಸ್ಟ್' ಅಂದರೆ ಪೆಟ್ಟಿಗೆಯೂ ಹೌದು, ಎದೆಯೂ ಹೌದು. ಯಂತ್ರಾನುವಾದಕ್ಕೆ ಕೊಟ್ಟರೆ 'ಎದೆಯ ಸಮಾಧಿ' ಅಂತ ಬಂತು!

ನಾಲ್ಕೂ ಕಡೆ ಕಲ್ಲಿನ ಹಲಗೆ, ಮೇಲೊಂದು ಚಪ್ಪಡಿ. ನೋಡಲು ಪೆಟ್ಟಿಗೆಯೇ. 'ಪೆಟ್ಟಿಗೆ ಗೋರಿ' ಅನ್ನೋಣ ಅಂದರೆ ಒಂದು ತೊಡಕಿದೆ. ಈ ಪೆಟ್ಟಿಗೆಯೊಳಗೆ ಹೆಣ ಇರುವುದಿಲ್ಲ. ಹೂತಿರುವುದು ಕೆಳಗೆ, ಮಣ್ಣಿನಲ್ಲಿ. ಓದುವವರು 'ಶವಪೆಟ್ಟಿಗೆ' ಅಂದುಕೊಂಡರೆ ಅರ್ಥವೇ ಕೆಟ್ಟಿತು. ವಿಜಯಪುರದ ಗೋಲಗುಮ್ಮಟದಲ್ಲೂ ಹೀಗೇ ಅಲ್ವಾ? ಕಟ್ಟೆ ಮೇಲೆ ಕಾಣುವುದು ತೋರಿಕೆಯವು, ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿ. ಆದರೂ ಎರಡಕ್ಕೂ ನಾವು 'ಗೋರಿ' ಅಂತಲೇ ಅನ್ನುತ್ತೇವೆ. 'ಗದ್ದುಗೆ' ಕೂಡ ಹೊಳೆಯಿತು. ಆದರೆ ಅದು ಸ್ವಾಮಿಗಳಿಗೆ, ಶರಣರಿಗೆ. ಬರ್ಫರ್ಡಿನ ಉಣ್ಣೆ ವ್ಯಾಪಾರಿಯನ್ನು ಗದ್ದುಗೆಗೇರಿಸಲು ನನಗೆ ಮನಸ್ಸಿಲ್ಲ.

ಉಣ್ಣೆ ಅಂದೆನಲ್ಲ, ಇನ್ನೊಂದು ಪದದ ಪೇಚಾಟ ಅಲ್ಲೇ ಇದೆ. ಬರ್ಫರ್ಡಿನ ಕೆಲವು ಗೋರಿಗಳ ಚಪ್ಪಡಿ ಮೇಲೆ ಅರ್ಧ ಉರುಳೆಯಂಥ ಕಲ್ಲು ಮಲಗಿಸಿದ್ದಾರೆ. ಅದರ ಮೈತುಂಬ ಅಡ್ಡಡ್ಡ ಗೀರು. ಇವು 'ಬೇಲ್ ಟೂಂಬ್'. ಹಗ್ಗ ಬಿಗಿದ ಉಣ್ಣೆಯ ಮೂಟೆಯಂತಿದೆ ಅಂತ ಈ ಹೆಸರು. ಆ ಸೀಮೆಗೆ ದುಡ್ಡು ತಂದದ್ದೇ ಉಣ್ಣೆ. 1660ರ ದಶಕದಿಂದ ಹೆಣಕ್ಕೆ ಉಣ್ಣೆ ಬಟ್ಟೆಯನ್ನೇ ಸುತ್ತಬೇಕೆಂಬ ಕಾಯ್ದೆಯೂ ಬಂತು, ಉಣ್ಣೆ ವ್ಯಾಪಾರ ಉಳಿಸಲು. ಆದರೆ ಆ ಕಲ್ಲು ಉಣ್ಣೆ ಮೂಟೆ ಅನ್ನುವುದನ್ನು ಎಲ್ಲರೂ ಒಪ್ಪುವುದಿಲ್ಲ. ಅದು ಮೂಟೆಯಲ್ಲ, ಹೆಣದ ಮೇಲೆ ಬಟ್ಟೆ ಹೊದಿಸಲು ಇಡುತ್ತಿದ್ದ ಬಳೆಬಳೆಯ ಚೌಕಟ್ಟು ಅನ್ನುವವರೂ ಇದ್ದಾರೆ. ನನಗೆ ಈ ಎರಡನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ. ಆದರೂ ಹೆಸರು ನಿಂತಿರುವುದು ಮೂಟೆಯ ಮೇಲೆ. ಹಾವೇರಿ ಕಡೆ ಹತ್ತಿ ಮೂಟೆಗೆ ಹೇಳುವ 'ಅಂಡಿಗೆ' ಇದೆಯಲ್ಲ, 'ಅಂಡಿಗೆ ಗೋರಿ' ಅಂದರೆ ಹೇಗೆ? ಮೈಸೂರಿನವರಿಗೆ ತಿಳಿಯುತ್ತಾ?

ಸದ್ಯಕ್ಕೆ 'ಪೆಟ್ಟಿಗೆ ಗೋರಿ' ಅಂತಲೇ ಬರೆದು, 'ಒಳಗೆ ಖಾಲಿ' ಅಂತ ಮುಂದಿನ ಸಾಲಿನಲ್ಲೇ ಸೇರಿಸಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಹಾಂ, ಇನ್ನೊಂದು. ಆ ಕಲ್ಲುಗಳ ಮೇಲೆ ಬೂದು, ಹಳದಿ ಬಣ್ಣದ, ಮಚ್ಚೆ ಮಚ್ಚೆಯಾಗಿ ಕಲ್ಲಿಗಂಟಿ ಬೆಳೆಯುವ, ಪಾಚಿಯಂಥ 'ಲೈಕೆನ್' ಹಬ್ಬಿದೆ. ಅದಕ್ಕೆ 'ಕಲ್ಲುಹೂವು' ಎಂದು ಬರೆದೆ. ಮನೆಯಲ್ಲಿ ಓದಿದವರು, ಗೋರಿ ಮೇಲೆ ಮಸಾಲೆ ಯಾಕೆ ಅಂತ ಕೇಳಿದರು.