ಹೊಸ ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಒಂದೇ ಒಂದು ಕೀ ಸಿಕ್ಕಿಕೊಳ್ಳುತ್ತಿದೆ, ನಿಮಗೂ ಹೀಗಾಗಿತ್ತಾ?

ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ಅದರದೇ ಸ್ವಿಚ್ ಇರುವಂಥದ್ದು) ತಗೊಂಡು ನಾಲ್ಕು ದಿನ ಆಯ್ತು, ನನ್ನ ಮೊದಲನೆಯದು. ಉಳಿದ ಕೀಗಳೆಲ್ಲ ಚೆನ್ನಾಗಿವೆ, 'ಎನ್' ಒಂದು ಮಾತ್ರ ಹಟ ಹಿಡಿದಿದೆ. ನಡುಮಧ್ಯೆ ಒತ್ತಿದರೆ ಸರಿ. ಮೂಲೆಯಲ್ಲಿ ಬೆರಳು ಬಿದ್ದರೆ ಅರ್ಧದಲ್ಲೇ ನಿಂತು, ಆಮೇಲೆ ನಿಧಾನವಾಗಿ ಮೇಲೇಳುತ್ತೆ. ಏನೂ ಚೆಲ್ಲಿಲ್ಲ. ಲೀನಿಯರ್ ಸ್ವಿಚ್ (ನಡುವೆ ತಡೆಯಿಲ್ಲದೆ ನೇರವಾಗಿ ಇಳಿಯುವಂಥದ್ದು), ಹಾಟ್‌ಸ್ವ್ಯಾಪ್ (ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಬದಲಿಸಬಹುದಾದದ್ದು) ಅಂತ ಡಬ್ಬದ ಮೇಲಿದೆ. ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತಾ, ಇಲ್ಲ ವಾಪಸ್ ಕಳಿಸಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

*

ಎಣ್ಣೆ ಖಂಡಿತ ಬೇಡ. ಮೊದಲು ತಪ್ಪು ಕ್ಯಾಪ್‌ನದೋ (ಅಕ್ಷರ ಬರೆದಿರುವ ಮೇಲಿನ ಪ್ಲಾಸ್ಟಿಕ್ ಟೋಪಿ), ಅದರ ಕೆಳಗಿನ ಸ್ವಿಚ್‌ನದೋ ಅಂತ ಗೊತ್ತಾಗಲಿ. ಅದಕ್ಕೆ ಎರಡು ನಿಮಿಷ ಸಾಕು.

ಕೀಬೋರ್ಡಿನ ಕೇಬಲ್ ತೆಗೆದುಬಿಡಿ. ಪುಲ್ಲರ್‌ನಿಂದ (ಕ್ಯಾಪ್ ಕೀಳುವ ಸಣ್ಣ ಸಾಧನ) 'ಎನ್' ಕ್ಯಾಪ್ ಅನ್ನು ನೇರವಾಗಿ ಮೇಲಕ್ಕೆ ಎಳೆಯಿರಿ, ಓರೆಯಾಗಿ ಮೀಟಬೇಡಿ. ಒಳಗೆ ಅಧಿಕ ಚಿಹ್ನೆಯ ಆಕಾರದ ಒಂದು ಕಡ್ಡಿ ಕಾಣುತ್ತೆ, ಅದೇ ಸ್ಟೆಮ್. ಬೆರಳಿನಿಂದ ಅದನ್ನು ಹತ್ತಿಪ್ಪತ್ತು ಸಲ ಒತ್ತಿ, ಬೇಕಂತಲೇ ನಾಲ್ಕೂ ಕಡೆ ವಾಲಿಸಿ ಒತ್ತಿ. ಪ್ರತಿ ಸಲವೂ ಟಕ್ಕನೆ ಎದ್ದರೆ ಸ್ವಿಚ್ ಆರೋಗ್ಯವಾಗಿದೆ, ದೋಷ ಕ್ಯಾಪ್‌ನದು. ಬರಿ ಸ್ಟೆಮ್ ಕೂಡ ತಡವರಿಸಿದರೆ ಸ್ವಿಚ್ಚಿನ ಒಳಗೇ ಏನೋ ಆಗಿದೆ.

ಮುಂದಿನ ಪರೀಕ್ಷೆ ಅದಲುಬದಲು. 'ಎನ್' ಕ್ಯಾಪ್ ಅನ್ನು ಪಕ್ಕದ 'ಬಿ' ಮೇಲೆ ಕೂರಿಸಿ, 'ಬಿ'ದನ್ನು ಇಲ್ಲಿಗೆ ತನ್ನಿ. ಒಂದೇ ಸಾಲಿನವನ್ನೇ ಬದಲಿಸಿ, ಯಾಕೆಂದರೆ ಬಹುಪಾಲು ಸೆಟ್‌ಗಳಲ್ಲಿ ಸಾಲಿನಿಂದ ಸಾಲಿಗೆ ಕ್ಯಾಪ್‌ನ ಎತ್ತರ, ಇಳಿಜಾರು ಬೇರೆ. ಕಾಯಿಲೆ ಕ್ಯಾಪ್ ಜೊತೆಗೇ ಹೋಯಿತೋ, ಅಲ್ಲೇ ಉಳಿಯಿತೋ? ಅಷ್ಟರಲ್ಲಿ ಮುಕ್ಕಾಲು ಪಾಲು ಉತ್ತರ ಸಿಗುತ್ತೆ.

ನನಗೆ ಆಗಿದ್ದು ಹೆಚ್ಚುಕಡಿಮೆ ನಿಮ್ಮ ಹಾಗೇ. ಕ್ಯಾಪ್‌ಗಳನ್ನು ಅಚ್ಚಿನಲ್ಲಿ ಎರಕ ಹೊಯ್ದ ಮೇಲೆ ಅವನ್ನು ಚೌಕಟ್ಟಿನಿಂದ ಕತ್ತರಿಸಿ ತೆಗೀತಾರೆ. ಕತ್ತರಿಸಿದ ಜಾಗದಲ್ಲಿ ಒಮ್ಮೊಮ್ಮೆ ಪ್ಲಾಸ್ಟಿಕ್‌ನ ಸಣ್ಣ ಮುಳ್ಳು ಉಳಿದುಬಿಡುತ್ತೆ. ನನ್ನ ಕ್ಯಾಪ್‌ನ ಪಕ್ಕದ ಗೋಡೆಯಲ್ಲಿ ಅಂಥದ್ದೊಂದಿತ್ತು, ನೆರೆಯ ಕ್ಯಾಪ್‌ಗೆ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಕೀಗಳ ನಡುಬಿಂದುವಿನಿಂದ ನಡುಬಿಂದುವಿಗೆ ಇರೋದೇ 19.05 ಮಿ.ಮೀ., ಕ್ಯಾಪ್ ತಳ ಸುಮಾರು 18 ಮಿ.ಮೀ. ಅಗಲ. ಸಂದಿಯಲ್ಲಿ ಉಳಿಯೋದು ಒಂದೇ ಮಿಲಿಮೀಟರ್! ನಯವಾದ ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿದೆ, ಅಷ್ಟೇ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತಗಲುತ್ತೆ, ಸುತ್ತಲೂ ಉಗುರು ಆಡಿಸಿ ನೋಡಿ.

*

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಕ್ಯಾಪ್‌ನ ಹೊರಗಿನ ಅಂಚು ಮಾತ್ರ ನೋಡಿ ಬಿಡಬೇಡಿ, ತಿರುಗಿಸಿ ಒಳಗಿನ ಕೊಳವೆಯನ್ನೂ ನೋಡಿ. ಆ ಕೊಳವೆ ಒತ್ತಿದಾಗ ಸ್ವಿಚ್ಚಿನ ಮೇಲ್ಭಾಗದ ಬಾಯಿಯೊಳಕ್ಕೆ ಇಳಿಯುತ್ತೆ. ಕೊಳವೆ ಸ್ವಲ್ಪ ದಪ್ಪ ಇದ್ದರೂ, ಅದರ ಮೇಲೆ ಗೆರೆಯಷ್ಟು ಪ್ಲಾಸ್ಟಿಕ್ ಎದ್ದಿದ್ದರೂ ಬಾಯಿಯ ಅಂಚಿಗೆ ಉಜ್ಜುತ್ತೆ, ಅದೂ ಓರೆಯಾಗಿ ಒತ್ತಿದಾಗ ಮಾತ್ರ. "ನಡುಮಧ್ಯೆ ಸರಿ, ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತೆ" ಅಂದ ಕೂಡಲೇ ನನಗೆ ಇದೇ ನೆನಪಾಯ್ತು.

*

ನಾನು ಎಣ್ಣೆ ಬಿಟ್ಟು ಕೆಟ್ಟವನು, ಅದಕ್ಕೇ ಬರೀತಿದ್ದೀನಿ. ತುಕ್ಕು ಬಿಡಿಸುವ ಸ್ಪ್ರೇ ಮನೆಯಲ್ಲಿತ್ತು, ಒಂದೇ ಸಲ ಹೊಡೆದೆ. ಎರಡು ದಿನ ಕೀ ಸೊಗಸಾಗಿ ಓಡಿತು. ಆಮೇಲೆ ಒತ್ತಿದರೂ ಅಕ್ಷರ ಬೀಳದೆ ಹೋಯ್ತು, ಬಿದ್ದರೆ ಎರಡೆರಡು. ಎಣ್ಣೆ ಲೋಹದ ಎಲೆಗಳು ಒಂದನ್ನೊಂದು ಮುಟ್ಟುವ ಜಾಗಕ್ಕೆ ಹರಿದು, ಧೂಳನ್ನೂ ಅಲ್ಲಿಗೇ ಎಳೆದುಕೊಂಡಿತ್ತು. ಬೆಸುಗೆ ಹಾಕಿದ ಸ್ವಿಚ್ ಆಗಿದ್ದರಿಂದ ಬಿಚ್ಚಲೂ ಆಗಲಿಲ್ಲ.

ಸ್ವಿಚ್‌ಗೆ ಜಾರಿಕೆ ಕೊಡೋದಿದ್ದರೆ ಅದಕ್ಕೆಂದೇ ಬರುವ ಗ್ರೀಸ್ ಇದೆ, ಹೆಚ್ಚಿನವರು ಬಳಸೋದು ಕ್ರೈಟಾಕ್ಸ್ 205. ಸ್ವಿಚ್ ಬಿಚ್ಚಿ, ಸಣ್ಣ ಕುಂಚದಲ್ಲಿ, ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಬೇಕು, ಲೋಹದ ಎಲೆಗೆ ತಾಗಬಾರದು. ಹೆಚ್ಚಾದರೆ ಅದೇ ಅಂಟಿನಂತಾಗಿ ಕೀ ನಿಧಾನವಾಗಿ ಏಳುತ್ತೆ. ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿ ಬರುವ ಸ್ವಿಚ್‌ಗಳಲ್ಲೂ ಒಂದೊಂದರಲ್ಲಿ ಹೀಗೆ ಜಾಸ್ತಿ ಬಿದ್ದಿರುತ್ತೆ. ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವವನ್ನಂತೂ ಹತ್ತಿರಕ್ಕೂ ತರಬೇಡಿ, ಎಷ್ಟೋ ಕ್ಯಾಪ್‌ಗಳಿಗೆ ಬಳಸುವ ಎಬಿಎಸ್ ಅನ್ನೋ ಪ್ಲಾಸ್ಟಿಕ್ ಕರಗಿಬಿಡುತ್ತೆ.

*

ಹಾಟ್‌ಸ್ವ್ಯಾಪ್ ಅಂದಿರಲ್ಲ, ನಿಮಗೆ ದೊಡ್ಡ ಅನುಕೂಲ. ಸ್ವಿಚ್ಚೇ ಕೆಟ್ಟಿದೆ ಅಂತಾದರೆ ಬೆಸುಗೆ ಗೊಡವೆಯೇ ಇಲ್ಲ. ಸ್ವಿಚ್ಚಿನ ಮೇಲಂಚು, ಕೆಳಅಂಚಿನಲ್ಲಿರುವ ಎರಡು ಕೊಂಡಿಗಳನ್ನು ಸ್ವಿಚ್ ಪುಲ್ಲರ್‌ನಿಂದ ಒತ್ತಿ, ನೇರ ಮೇಲಕ್ಕೆ ಎಳೆಯಿರಿ. ಕಡಿಮೆ ಬಳಸುವ ಕೀ ಒಂದರ ಸ್ವಿಚ್ ತಂದು ಇಲ್ಲಿ ಕೂರಿಸಿ ನೋಡಿ, ಉದಾಹರಣೆಗೆ ಸ್ಕ್ರೋಲ್ ಲಾಕ್‌ನದು.

ಕೂರಿಸುವಾಗ ತಾಳ್ಮೆ ಬೇಕು. ತಳದ ಎರಡು ಲೋಹದ ಪಿನ್ನುಗಳು ನೆಟ್ಟಗಿವೆಯಾ ನೋಡಿ, ಸೊಟ್ಟಗಿದ್ದರೆ ಚಿಮಟದಿಂದ ನೆಟ್ಟಗೆ ಮಾಡಿ. ನಾನು ಅವಸರದಲ್ಲಿ ಒತ್ತಿ ಒಂದು ಪಿನ್ ಮಡಚಿಕೊಂಡು, ಬೋರ್ಡೇ ಸತ್ತಿತು ಅಂತ ಒಂದಿಡೀ ಸಂಜೆ ಒದ್ದಾಡಿದ್ದೆ. ಸ್ವಿಚ್ ಕೂರುವ ಚೌಕದ ರಂಧ್ರ 14 ಮಿ.ಮೀ., ಅದರಲ್ಲಿ ಒಂದು ಬದಿ ಪೂರ್ತಿ ಕೂರದೆ ವಾಲಿದ್ದರೂ ಕೀ ಉಜ್ಜುತ್ತೆ. ಬಗ್ಗಿ ಪಕ್ಕದಿಂದ ನೋಡಿ, ಅಕ್ಕಪಕ್ಕದವುಗಳ ಮಟ್ಟಕ್ಕೇ ಇದೆಯಾ?

*

ನಿಮ್ಮದು 'ಎನ್', ಹಾಗಾಗಿ ಇದು ನಿಮಗಲ್ಲ. ಆದರೆ ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್, ಶಿಫ್ಟ್ ಸಿಕ್ಕಿಕೊಳ್ಳುವವರೂ ಇಲ್ಲಿಗೆ ಬರ್ತಾರೆ ಅಂತ ಬರೀತಿದ್ದೀನಿ. ಉದ್ದದ ಕೀಗಳ ಕೆಳಗೆ ಸ್ಟೆಬಿಲೈಸರ್ ಅನ್ನೋ ತಂತಿ ಇರುತ್ತೆ, ಎರಡೂ ತುದಿ ಒಟ್ಟಿಗೆ ಏಳಲಿ ಅಂತ. ತಂತಿ ಒಂದಿಷ್ಟು ತಿರುಚಿದ್ದರೆ, ಕೊಂಡಿಯಿಂದ ಜಾರಿದ್ದರೆ ಒಂದು ತುದಿ ಕೆಳಗೇ ನಿಲ್ಲುತ್ತೆ. ತಂತಿಯನ್ನು ಗಾಜಿನ ಮೇಲಿಟ್ಟು ಒಂದು ತುದಿ ಒತ್ತಿ, ಇನ್ನೊಂದು ಎದ್ದರೆ ತಿರುಚಿದೆ ಅಂತಲೇ ಲೆಕ್ಕ. ನನ್ನ ಸ್ಪೇಸ್ ಕೀ ತಿಂಗಳುಗಟ್ಟಲೆ ಕಾಡಿದ್ದು ಇದರಿಂದಲೇ. ಕೈಯಲ್ಲೇ ಬಗ್ಗಿಸಿ ಸರಿಮಾಡಿದೆ. ಸ್ಪೇಸ್ ಕ್ಯಾಪ್ಪೇ ಬಾಳೆಹಣ್ಣಿನ ಹಾಗೆ ಬಾಗಿರೋದೂ ಉಂಟು, ಅದನ್ನೂ ಗಾಜಿನ ಮೇಲಿಟ್ಟು ನೋಡಿ.

*

ಕೀ ಮೇಲೆ ಬಂದಿದ್ದರೂ ಅಕ್ಷರ ಸಾಲುಗಟ್ಟಿ ಬರ್ತಿದ್ದರೆ ಕ್ಯಾಪ್ ಮುಟ್ಟಲೇಬೇಡಿ, ಅದು ಬೇರೆ ಕತೆ. ವೈರ್‌ಲೆಸ್ ಆದರೆ ಕೇಬಲ್ ಹಾಕಿ ನೋಡಿ. "ಕೀ ಬಿಟ್ಟೆ" ಅನ್ನೋ ಸಂಕೇತ ಗಾಳಿಯಲ್ಲಿ ಕಳೆದುಹೋದರೆ ಕಂಪ್ಯೂಟರ್ ಇನ್ನೂ ಒತ್ತಿಹಿಡಿದಿದ್ದಾರೆ ಅಂದುಕೊಳ್ಳುತ್ತೆ. ವಿಂಡೋಸ್‌ನಲ್ಲಿ ಶಿಫ್ಟ್ ಅನ್ನು 5 ಸಲ ಒತ್ತಿದರೆ ಸ್ಟಿಕಿ ಕೀಸ್ (ಶಿಫ್ಟ್‌ನಂಥ ಕೀ ಬಿಟ್ಟ ಮೇಲೂ ಒತ್ತಿದಂತೆಯೇ ಉಳಿಯುವ ಸೌಲಭ್ಯ), ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್ (ಚುಟುಕಾಗಿ ಇಲ್ಲವೇ ಮತ್ತೆ ಮತ್ತೆ ಒತ್ತಿದ್ದನ್ನು ಲೆಕ್ಕಿಸದ ಸೌಲಭ್ಯ) ಬೇಕಾ ಅಂತ ಕೇಳುತ್ತೆ. ಗೊತ್ತಿಲ್ಲದೆ ಹೂಂ ಅಂದುಬಿಟ್ಟರೆ ಕೀಬೋರ್ಡೇ ಕೆಟ್ಟ ಹಾಗೆ ಕಾಣುತ್ತೆ. ಅಮ್ಮನ ಕಂಪ್ಯೂಟರಿನಲ್ಲಿ ಆಗಿದ್ದು ಇದೇ.

*

ಸ್ವಿಚ್ ಬಿಚ್ಚುವ ಮೊದಲು ವಾಪಸಾತಿಯ ಅವಧಿ ಎಷ್ಟಿದೆ ನೋಡಿಕೊಳ್ಳಿ. ಕ್ಯಾಪ್ ತೆಗೆಯೋದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ, ತಿರುಪು ಬಿಚ್ಚಿದರೆ, ಬೆಸುಗೆ ಮುಟ್ಟಿದರೆ ವಾರಂಟಿ ಹೋಗಬಹುದು. ಸಿಕ್ಕಿಕೊಳ್ಳೋದನ್ನು ಈಗಲೇ ವಿಡಿಯೋ ಮಾಡಿಡಿ.

*

ಪ್ರಶ್ನೆ ಕೇಳಿದ್ದು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬರಿ ಸ್ಟೆಮ್ ಎಲ್ಲಾ ಕಡೆ ಚೆನ್ನಾಗಿ ಎದ್ದಿತು. ಕ್ಯಾಪ್ ಅದಲುಬದಲು ಮಾಡಿದರೆ 'ಬಿ' ಸಿಕ್ಕಿಕೊಳ್ಳತೊಡಗಿತು, 'ಎನ್' ಸರಿಯಾಯ್ತು! ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಕೊಳವೆಯ ಬದಿಯಲ್ಲಿ ಕೂದಲೆಳೆಯಂಥ ಒಂದು ಗೆರೆ. ಉಗುರು ಉಜ್ಜುವ ಅರದಿಂದ ಮೆಲ್ಲಗೆ ಉಜ್ಜಿ, ಪುಡಿ ಸ್ವಿಚ್ಚಿಗೆ ಬೀಳದ ಹಾಗೆ ಒರೆಸಿ ಹಾಕಿದೆ. ಬೆಳಗ್ಗೆಯಿಂದ ಬೇಕಂತಲೇ ಮೂಲೆಮೂಲೆಯಲ್ಲಿ ಒತ್ತಿ ನೋಡ್ತಿದ್ದೀನಿ, ಒಂದು ಸಲವೂ ನಿಂತಿಲ್ಲ. ವಿಡಿಯೋವನ್ನು ಮಾರಿದವರಿಗೂ ಕಳಿಸಿದ್ದೀನಿ, ಬೇರೆ ಕ್ಯಾಪ್ ಕೊಡ್ತೀವಿ ಅಂದಿದ್ದಾರೆ. ಎಣ್ಣೆ ಬಾಟಲಿ ಮುಚ್ಚಳ ತೆಗೆದು ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ನೀವು ತಡೆದಿರಿ.