ವಿವಿಎಸ್ ಮಾಸ್ಕೋ: ಮೂರು ಪ್ರಶಸ್ತಿ ಯಾರ ಬಲದಿಂದ?

ಪಕ್‌ಪ್ರಿಯ: 1951, 52, 53. ಸತತ ಮೂರು ಸಲ ಸೋವಿಯತ್ ಐಸ್ ಹಾಕಿ ಚಾಂಪಿಯನ್. ಆದರೂ ವಾಯುಪಡೆಯ ಈ ಕ್ಲಬ್ಬನ್ನ ಸ್ಟಾಲಿನ್ ಮಗನ ಶೋಕಿ ಅಂತ ತಳ್ಳಿಹಾಕ್ತಾರೆ. 1950ರ ಜನವರಿ 5ಕ್ಕೆ ಸ್ವೆರ್ಡ್ಲೋವ್ಸ್ಕ್ ಹತ್ತಿರ ವಿಮಾನ ಬಿದ್ದು 11 ಆಟಗಾರರು ಸತ್ತಿದ್ದರು. ಮರುವರ್ಷವೇ ಗೆದ್ದರು ಅಂದ್ರೆ ತಾಕತ್ತಿಲ್ಲದೇನಾ?

ಹಳೇಸ್ಕೇಟು: ಮರುವರ್ಷವೇ ಗೆದ್ದದ್ದು ಹೇಗೆ, ಅದನ್ನೂ ಹೇಳಿ. ವಸಿಲಿ ಸ್ಟಾಲಿನ್ ಮಾಸ್ಕೋ ವಲಯದ ವಾಯುಪಡೆ ಕಮಾಂಡರ್. ಆಟಗಾರ ಬೊಬ್ರೊವ್‌ನನ್ನ ಸೇನೆಯ ಕ್ಲಬ್ ಸಿಡಿಕೆಎಯಿಂದ, ಶುವಾಲೊವ್‌ನನ್ನ ಚೆಲ್ಯಾಬಿನ್ಸ್ಕ್‌ನಿಂದ ಎಳ್ಕೊಂಡು ಬಂದ. ಅಂದು ಅಲಾರಾಂ ಹೊಡೀದೆ ಬೊಬ್ರೊವ್ ವಿಮಾನ ತಪ್ಪಿಸ್ಕೊಂಡದ್ದೇ ನಿಮ್ಮ ಕ್ಲಬ್ಬಿನ ಪುಣ್ಯ.

ನೀಲಿಗೆರೆ: ಅಲಾರಾಂ ಕಥೆ ಇನ್ನೂ ಓಡ್ತಿದ್ಯಾ? ಬೊಬ್ರೊವ್ ಆಗಷ್ಟೇ ಕ್ಲಬ್ ಬದಲಿಸಿದ್ದ, ಕಾಗದಪತ್ರ ಮುಗಿದಿರಲಿಲ್ಲ. ಅದನ್ನ ಮುಗಿಸಿ ಅವನ ಜೊತೆ ರೈಲಲ್ಲಿ ಬಾ ಅಂತ ಅಡ್ಮಿನಿಸ್ಟ್ರೇಟರ್ ಕೊಲ್ಚುಗಿನ್‌ನನ್ನ ಮಾಸ್ಕೋದಲ್ಲೇ ಬಿಟ್ಟಿದ್ದರು ಅನ್ನೋ ಆವೃತ್ತಿ ಓದಿಲ್ವಾ?

ಹಳೇಸ್ಕೇಟು: ಅಲಾರಾಂ ಮಾತು ಬೊಬ್ರೊವ್ ಬಾಯಿಂದಲೇ ಬಂದದ್ದು. ಅವನಿಗಿಂತ ನಿಮಗೆ ಹೆಚ್ಚು ಗೊತ್ತೋ?

ನೀಲಿಗೆರೆ: ನಿದ್ದೆ ಮಾಡಿದವನೊಬ್ಬ ಸರಿ, ಅವನ ಜೊತೆ ಕೊಲ್ಚುಗಿನ್ ಯಾಕೆ ರೈಲು ಹತ್ತಿದ? ಅವನ ಗಡಿಯಾರವೂ ಕೈಕೊಟ್ಟಿತ್ತಾ?

ಹಳೇಸ್ಕೇಟು: ಎಬ್ಬಿಸಿದವನೇ ಅವನು ಸ್ವಾಮಿ! ಅರ್ಧ ಓದ್ಕೊಂಡು ಬಂದು ವಾದಕ್ಕೆ ನಿಲ್ಲಬೇಡಿ.

ಕೊನೇಸಾಲು: ಗಡಿಯಾರ ಬಿಡ್ರಪ್ಪ. ಶುವಾಲೊವ್ ಉಳಿದದ್ದು ಯಾವ ಗಡಿಯಾರದಿಂದ? ಹಳೇ ಊರಿನ ಜನ ಕೆರಳ್ತಾರೆ, ಹೋಗ್ಬೇಡ ಅಂತ ವಸಿಲಿಯೇ ತಡೆದ ಅಂತ ಅವನೇ ಹೇಳಿದ್ದಾನೆ. ಡಿಫೆಂಡರ್ ಅಲೆಕ್ಸಾಂಡರ್ ವಿನೊಗ್ರಾದೊವ್ ಅಮಾನತಿನಲ್ಲಿದ್ದ, ಅದಕ್ಕೇ ಉಳಿದ. ಲಿ-2 ವಿಮಾನ ಹೊರಟದ್ದು ಚೆಲ್ಯಾಬಿನ್ಸ್ಕ್‌ಗೆ. ಅಲ್ಲಿ ಹವೆ ಕೆಟ್ಟು ಸ್ವೆರ್ಡ್ಲೋವ್ಸ್ಕ್‌ನ ಕೊಲ್ತ್ಸೊವೊ ನಿಲ್ದಾಣದ ಕಡೆ ತಿರುಗಿಸಿದರು. ಅಲ್ಲೂ ಹಿಮಗಾಳಿ, ಇಳಿಯೋ ಪ್ರಯತ್ನ ಮೇಲಿಂದ ಮೇಲೆ ಕೈಕೊಟ್ಟಿತು. ಒಟ್ಟು 19 ಜನ: 11 ಆಟಗಾರರು, ಡಾಕ್ಟರ್, ಮಸಾಜ್ ಮಾಡುವವನು, 6 ಸಿಬ್ಬಂದಿ. ರೀಗಾದ ಗೋಲ್‌ಕೀಪರ್ ಮೆಲ್ಲುಪ್ಸ್, ಕೋಚ್ ಅನತೋಲಿ ತರಾಸೊವ್‌ನ ತಮ್ಮ ಯೂರಿ, ಇಬ್ಬರೂ ಅದರಲ್ಲೇ ಹೋದರು.

ಹಳೇಸ್ಕೇಟು: "ವಸಿಲಿಯೇ ತಡೆದ." ನೋಡಿ, ಯಾರು ವಿಮಾನ ಹತ್ತಬೇಕು ಅನ್ನೋದೂ ಅವನ ಕೈಲೇ. ಶೋಕಿ ಅಂದದ್ದು ಇದಕ್ಕೇ.

ಪಕ್‌ಪ್ರಿಯ: ಶೋಕಿ ಅಂತೆ! 11 ಹೆಣ ಬಿದ್ದರೂ ಪತ್ರಿಕೆಯಲ್ಲಿ ಒಂದು ಸಾಲು ಬರಲಿಲ್ಲ. ಸತ್ತ ಯೂರಿ ಜಿಬುರ್ತೊವಿಚ್ ಜಾಗಕ್ಕೆ ತಮ್ಮ ಪಾವೆಲ್ ಬಂದ. ತಂಡದ ಪಟ್ಟಿಯಲ್ಲಿ ಅದೇ ಮನೆತನದ ಹೆಸರು, ಹೊರಗಿನವರಿಗೆ ಗೊತ್ತಾಗೋದು ಹೇಗೆ? ಆ ಸ್ಥಿತಿಯಲ್ಲೂ ತಂಡ ಕಟ್ಟಿದ್ದನ್ನ ನೀವು ಲೆಕ್ಕಕ್ಕೇ ಇಟ್ಕೊಳ್ಳಲ್ಲ.

ನೀಲಿಗೆರೆ: ಕಟ್ಟಿದ್ದಲ್ಲ, ಕಿತ್ತು ತಂದದ್ದು. ಬಾಬಿಚ್ ಕೂಡ ಸಿಡಿಕೆಎಯವನೇ. ಬಾಬಿಚ್-ಶುವಾಲೊವ್-ಬೊಬ್ರೊವ್ ಫಾರ್ವರ್ಡ್ ಸಾಲನ್ನ ಯಾವ ಕ್ಲಬ್ಬಿಗೆ ಕೊಟ್ಟರೂ ಗೆಲ್ತಿತ್ತು. (ಅಲಾರಾಂ ಬಗ್ಗೆ ನನ್ನ ಮಾತು ಹಾಗೇ ಇದೆ.)

ಪಕ್‌ಪ್ರಿಯ: 1952ರ ಬೇಸಿಗೆಯಲ್ಲಿ ವಸಿಲಿಯನ್ನ ಕಮಾಂಡರ್ ಹುದ್ದೆಯಿಂದ ಕಿತ್ತು ಹಾಕಿದರು. 1953ರ ಪ್ರಶಸ್ತಿ ಅದರ ನಂತರದ್ದು. ಆಗ ಯಾರ ಕೃಪೆ?

ಹಳೇಸ್ಕೇಟು: ಹುದ್ದೆ ಹೋಗಿತ್ತು, ಅಪ್ಪ ಇದ್ದನಲ್ಲ! ಅಪ್ಪ ಸತ್ತದ್ದು ಮಾರ್ಚ್ 5ಕ್ಕೆ, ಮಗನ ಬಂಧನ ಏಪ್ರಿಲ್ 28ಕ್ಕೆ, ಅದೇ ವರ್ಷ ಕ್ಲಬ್ಬೂ ಇಲ್ಲ. ಸ್ವಂತ ಕಾಲಿದ್ದ ತಂಡ ಹಾಗೆ ಬೀಳುತ್ತಾ?

ಪಕ್‌ಪ್ರಿಯ: ಬಿದ್ದದ್ದು ಬೋರ್ಡು. ಬೊಬ್ರೊವ್ ಸಿಡಿಎಸ್‌ಎಗೆ (ಅದೇ ಸಿಡಿಕೆಎ, ಹೊಸ ಹೆಸರು) ಹೋದ, 1954ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವನದೇ ನಾಯಕತ್ವ, ಕೆನಡಾ ಮೇಲೆ 7–2. ಅದೂ ಅಪ್ಪನ ಕೃಪೆನಾ?

ಹಳೇಸ್ಕೇಟು: ಅದು ಸೋವಿಯತ್ ತಂಡ ಕಣ್ರೀ, ವಿವಿಎಸ್ ಅಲ್ಲ.